ಎಣಿಕೆಗೆ ಸಿಗದ 573

ವಿಶ್ವವಿದ್ಯಾಲಯದ ಸಂಶೋಧನೆ ಅಂದ್ರೆ ಈಗ ಪ್ರಬಂಧಗಳ ಎಣಿಕೆ, ಉಲ್ಲೇಖಗಳ ಎಣಿಕೆ. ರಸಾಯನಶಾಸ್ತ್ರಕ್ಕೆ ಅದು ಹೊಂದಬಹುದು. ಅದೇ ಅಳತೆಗೋಲನ್ನು ಮಾನಸಗಂಗೋತ್ರಿಯ ಕನ್ನಡ ಅಧ್ಯಯನ ಸಂಸ್ಥೆಗೆ ಹಿಡಿದರೆ ಏನಾಗುತ್ತದೆ ನೋಡಿ.

ಮೈಸೂರು ವಿಶ್ವವಿದ್ಯಾಲಯದ ಈ ಸಂಸ್ಥೆ 1973ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಶ್ರವಣಬೆಳಗೊಳ ಸಂಪುಟವನ್ನು ಪರಿಷ್ಕರಿಸಿ ತಂದಿತು. 1889ರಲ್ಲಿ ಬಿ. ಎಲ್. ರೈಸ್ ಕೊಟ್ಟದ್ದು 144 ಶಾಸನ, 1923ರಲ್ಲಿ ಆರ್. ನರಸಿಂಹಾಚಾರ್ಯರು ಅದನ್ನು 500ಕ್ಕೆ ಮುಟ್ಟಿಸಿದರು, ಇದರಲ್ಲಿ 573. ಸಂಶೋಧನಾ ಪಟ್ಟಿಯಲ್ಲಿ ಮಾತ್ರ ಒಂದು ಪುಸ್ತಕ, ಒಂದು ಸಾಲು! ಚಿಕ್ಕಬೆಟ್ಟದ ನಿಸಿದಿ ಶಾಸನಗಳನ್ನು ಭಾಷಾವಿಜ್ಞಾನದವರು ಪೂರ್ವದ ಹಳಗನ್ನಡಕ್ಕಾಗಿ, ಛಂದಸ್ಸಿನವರು ವೃತ್ತಗಳಿಗಾಗಿ, ಜೈನಶಾಸ್ತ್ರದವರು ಸಲ್ಲೇಖನಕ್ಕಾಗಿ ಓದುತ್ತಾರೆ. ಉಲ್ಲೇಖ ಬೀಳುವುದು ಕನ್ನಡ ಪುಸ್ತಕಗಳ ಅಡಿಟಿಪ್ಪಣಿಯಲ್ಲಿ. ಅದನ್ನು ಎಣಿಸೋರು ಯಾರು?

ಹಾಗಂತ ನನ್ನ ತಕರಾರು ಎಣಿಸುವವರ ಮೇಲಷ್ಟೇ ಅಲ್ಲ. ಅದೇ ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನವನ್ನೂ ಕಲಿಸುತ್ತಾರೆ. ಚಿಕ್ಕಬೆಟ್ಟದಲ್ಲಿ ಎಷ್ಟೋ ಅಕ್ಷರಗಳು ಹಾಸುಬಂಡೆಯ ಮೇಲೇ ಇವೆ; ಮಳೆ, ಬಿಸಿಲು, ಕಾಲ್ತುಳಿತ ಎಲ್ಲಾ ಕಂಡಿವೆ. ಲಿಪಿ ಓದುವವರು ಸವೆದ ಜಾಗಕ್ಕೆ ಚುಕ್ಕಿ ಹಾಕಿ ಮುಂದೆ ಹೋಗುತ್ತಾರೆ, ಅವರ ಕೆಲಸ ಅಷ್ಟೇ. ಯಾಕೆ ಸವೆಯಿತು, ಉಳಿದದ್ದು ಇನ್ನೆಷ್ಟು ಕಾಲ ತಡೆದೀತು ಅನ್ನೋದು ಕಲ್ಲು ಬಲ್ಲವರು ಹೇಳಬೇಕಾದ ಮಾತು. 1923ರ ಪಾಠ, 1973ರ ಪಾಠ ಎರಡನ್ನೂ ಎದುರುಬದುರು ಇಟ್ಟುಕೊಂಡು ಬಂಡೆಯನ್ನೇ ಅಳೆಯಲು ಇಬ್ಬರೂ ಒಟ್ಟಿಗೆ ಬೆಟ್ಟ ಹತ್ತಬೇಕು. ಹೊಸ ಶಾಸನವೇ ಸಿಗಬೇಕೆಂದಿಲ್ಲ. ಆ ವರದಿ ಯಾವ ವಿಭಾಗದ ಲೆಕ್ಕಕ್ಕೆ ಅನ್ನೋ ಜಗಳ ಬೇಕಾದರೆ ಕೆಳಗಿಳಿದ ಮೇಲೆ ಆಡಲಿ.