ಗಲ್ಲಿಯ ನೋಟ, ರೈಲಿನ ನೋಟ

1936ರ ಫೆಬ್ರವರಿಯಲ್ಲಿ ಜಾರ್ಜ್ ಆರ್ವೆಲ್ ಉತ್ತರ ಇಂಗ್ಲೆಂಡಿನ ಕಲ್ಲಿದ್ದಲ ಗಣಿಯ ಊರಾದ ವಿಗನ್ನಿನಲ್ಲಿ ತಂಗಿದ್ದನು. ನಿರುದ್ಯೋಗಿಗಳ ಬಾಳನ್ನು ಕಣ್ಣಾರೆ ಕಂಡು ಬರೆಯಬೇಕೆಂಬುದು ಅವನ ಉದ್ದೇಶ. ದನದ ಬೋಟಿ ಮಾರುವ ಅಂಗಡಿಯ ಮೇಲೆ ಬಾಡಿಗೆಗಿದ್ದು, ಗಣಿಗೂ ಇಳಿದು, ದಿನಚರಿ ಬರೆದನು. 1937ರಲ್ಲಿ ‘ದಿ ರೋಡ್ ಟು ವಿಗನ್ ಪಿಯರ್’ ಹೊರಬಂದಿತು. ದಿನಚರಿ ಅಚ್ಚಾದುದು 1968ರಲ್ಲಿ.

ಗ್ರಂಥದ ಪ್ರಸಿದ್ಧ ಚಿತ್ರವೊಂದುಂಟು: ಮನೆಯ ಹಿಂದೆ ಮೊಣಕಾಲೂರಿ, ಕಟ್ಟಿಕೊಂಡ ಬಚ್ಚಲ ಕೊಳವೆಗೆ ಕೋಲು ತುರುಕುತ್ತಿರುವ ತರುಣಿ. ಊರು ಬಿಟ್ಟು ಹೊರಟ ರೈಲಿನಿಂದ ಲೇಖಕನು ಅವಳನ್ನು ಕಾಣುತ್ತಾನೆ. ಕಣ್ಣಿಗೆ ಕಣ್ಣು ಕೂಡುವುದೊಂದೇ ಬಾಕಿ. ದಿನಚರಿಯಲ್ಲಾದರೋ ಅವನು ಗಲ್ಲಿಯಲ್ಲಿ ನಡೆದು ಹೋಗುತ್ತಿದ್ದಾನೆ. ಅವಳು ತಲೆಯೆತ್ತುತ್ತಾಳೆ, ಕಣ್ಣು ಕೂಡಿಯೇ ಬಿಡುತ್ತದೆ. ಈ ಕೊರೆಯುವ ಚಳಿಯಲ್ಲಿ ಇದೆಂತಹ ಹಣೆಬರಹವೆಂದು ತಾನು ನೆನೆದುದನ್ನೇ ಅವಳೂ ನೆನೆಯುತ್ತಿರುವಳೆಂದು ಅವನಿಗೆ ಹೊಳೆಯುತ್ತದೆ.

ರೈಲಿನಿಂದ ಕಲೆಗೆ ಲಾಭವಾಯಿತೆಂಬುದು ದಿಟ. ಬಿಟ್ಟು ಹೋಗಬಲ್ಲವನೊಬ್ಬ, ಹೋಗಲಾರದವಳೊಬ್ಬಳು, ನಡುವೆ ಗಾಜು. ಅವಳಿಗೆ ತನ್ನ ಗತಿಯ ಅರಿವಿದೆಯೆಂದು ಗ್ರಂಥವೂ ಹೇಳುತ್ತದೆ, ಒಪ್ಪಬೇಕು. ಆದರೆ ಸಾಗುವ ರೈಲಿನಿಂದ ಅಷ್ಟೆಲ್ಲ ಕಂಡೀತೆ? ರೈಲು ನಿಧಾನವಾಗಿತ್ತೆಂದೇನೋ ಬರೆಯುತ್ತಾನೆ. ಸಂಶಯ ಅಷ್ಟಕ್ಕೇ ತೀರದು. ಕಾದಂಬರಿಯಾಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕಣ್ಣಾರೆ ಕಂಡೆನೆಂಬ ಮಾತನ್ನೇ ಬುನಾದಿಯಾಗಿಸಿಕೊಂಡ ಗ್ರಂಥಕ್ಕೆ ಇದು ಸಣ್ಣ ಕುಂದಲ್ಲ. ಅದಕ್ಕಿಂತಲೂ ದೊಡ್ಡ ನಷ್ಟವೆಂದರೆ, ಗಲ್ಲಿಯಲ್ಲಿ ಅವಳು ಅವನನ್ನೂ ನೋಡಿದ್ದಳು. ಬಡತನವನ್ನು ನೋಡಲು ಬಂದವನು ತಾನೇ ನೋಟಕ್ಕೆ ಸಿಕ್ಕಿಬಿದ್ದ ಆ ಗಳಿಗೆಯ ಮುಜುಗರ ಗ್ರಂಥದೊಳಗೆ ಬರಲಿಲ್ಲ. ಈ ಭಾಗವನ್ನು ಪಾಠ ಮಾಡುವ ಅಧ್ಯಾಪಕರು ಫೆಬ್ರವರಿ 15ರ ದಿನಚರಿಯನ್ನು ಮೊದಲು ಓದಿಸುವುದು ಮೇಲು.