ಇಂಗ್ಲಿಷ್ ವ್ಯಾಕರಣವೂ ಕನ್ನಡ ವಿದ್ಯಾರ್ಥಿಯೂ

ಕಾವ್ಯಕ್ಕೆ ವಿಮರ್ಶಕರುಂಟು, ನಾಟಕಕ್ಕೆ ವಿಮರ್ಶಕರುಂಟು. ಪಠ್ಯವ್ಯಾಕರಣಕ್ಕೆ ಮಾತ್ರ ಪರೀಕ್ಷಕರುಂಟೇ ಹೊರತು ವಿಮರ್ಶಕರಿಲ್ಲ. ಆದರೆ ನಮ್ಮ ಕಾಲೇಜು ವಿದ್ಯಾರ್ಥಿಯ ಕೈಯಲ್ಲಿ ಕಾವ್ಯಕ್ಕಿಂತ ಹೆಚ್ಚು ಕಾಲ ಉಳಿಯುವ ಗ್ರಂಥ ಇಂಗ್ಲಿಷ್ ವ್ಯಾಕರಣವೇ. ಪದವಿ ಪರೀಕ್ಷೆ ಮುಗಿದ ಮೇಲೂ ಬ್ಯಾಂಕು, ರೈಲ್ವೆ, ವಿಮಾ ಸಂಸ್ಥೆಗಳ ನೇಮಕಾತಿ ಪರೀಕ್ಷೆಗಳಿಗಾಗಿ ಅವನು ಅದನ್ನೇ ಮತ್ತೆ ತೆರೆಯುತ್ತಾನೆ. ಅಂತಹ ಗ್ರಂಥವು ಕನ್ನಡದ ಮೂಲಕ ಯೋಚಿಸಲು ಕಲಿತವನಿಗೆ ಎಷ್ಟರ ಮಟ್ಟಿಗೆ ಉಪಕಾರಿಯಾಗಿದೆ, ಎಲ್ಲಿ ಅವನನ್ನು ಕೈಬಿಡುತ್ತದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಈ ವಿದ್ಯಾರ್ಥಿ ಯಾರೆಂಬುದನ್ನು ಗೊತ್ತುಮಾಡಿಕೊಳ್ಳಬೇಕು. ವಿಕ್ರೋಳಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗೋದ್ರೆಜ್ ಕಾರ್ಖಾನೆಗಳ ಸುತ್ತ ಬೆಳೆದು, ಮುಂದೆ ಕನ್ನಮ್ವಾರ ನಗರ, ಟಾಗೋರ್ ನಗರಗಳಂತಹ ವಸಾಹತುಗಳಿಂದ ತುಂಬಿಕೊಂಡ ಈ ಉಪನಗರದಲ್ಲಿ ಕನ್ನಡದವೆಂದು ನಾವು ಎಣಿಸುವ ಎಷ್ಟೋ ಮನೆಗಳ ಮನೆಮಾತು ತುಳು ಅಥವಾ ಕೊಂಕಣಿ, ಓದುಬರಹದ ಭಾಷೆ ಕನ್ನಡ, ನೆರೆಹೊರೆಯದು ಮರಾಠಿ, ಲೋಕಲ್ ಗಾಡಿಯದು ಹಿಂದಿ. ಇಂಗ್ಲಿಷನ್ನು ‘ಎರಡನೆಯ ಭಾಷೆ’ ಎಂದು ಶಿಕ್ಷಣಶಾಸ್ತ್ರಜ್ಞರು ಕರೆಯುತ್ತಾರೆ. ವಿಕ್ರೋಳಿಯ ಹುಡುಗಿ ಬೆರಳು ಮಡಿಸಿ ಎಣಿಸಿದರೆ ಅದು ಐದನೆಯದಾಗುತ್ತದೆ. ಉಳಿದ ನಾಲ್ಕು ಭಾಷೆಗಳಲ್ಲಿಯೂ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ನಡುವೆ ಬಂದು ಕೂಡುತ್ತದೆ. ನಾಲ್ಕು ಭಾಷೆಗಳ ನಡುವೆ ದಿನವೂ ಓಡಾಡುವವಳಿಗೆ ಭಾಷಾಬುದ್ಧಿಯ ಕೊರತೆ ಇದೆಯೆಂದು ಹೇಳಲಾಗದು. ಕೊರತೆ ಇರುವುದು ಅವಳ ಕೈಗೆ ಬಂದ ಪುಸ್ತಕದಲ್ಲಿ: ಆ ಪುಸ್ತಕ ತನ್ನ ಓದುಗನಿಗೆ ಬೇರೊಂದು ಭಾಷೆ ಗೊತ್ತಿದೆಯೆಂಬುದನ್ನೇ ಗಣನೆಗೆ ತೆಗೆದುಕೊಂಡಿಲ್ಲ.

ಆ ಪುಸ್ತಕಗಳ ಕುಲವನ್ನು ಸ್ವಲ್ಪ ನೋಡಬಹುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ, ಉತ್ತರ ಹಿಂದುಸ್ಥಾನದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಜೆ. ಸಿ. ನೆಸ್‌ಫೀಲ್ಡರ ವ್ಯಾಕರಣಗಳು ಬಂದವು. ನಮ್ಮ ಅಜ್ಜಂದಿರ ತಲೆಮಾರು ಅವುಗಳಲ್ಲಿ ಪಳಗಿತು. ಆಮೇಲೆ, ೧೯೩೦ರ ದಶಕದಲ್ಲಿ, ಈ ಮುಂಬಯಿಯಿಂದಲೇ ರೆನ್ ಮತ್ತು ಮಾರ್ಟಿನ್ ಎಂಬ ಜೋಡಿ ಹೆಸರು ಹೊರಟಿತು. ಇವರಲ್ಲಿ ಪಿ. ಸಿ. ರೆನ್, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕರಾಚಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದವರು. ೧೯೨೪ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿಯನ್ನು ಬರೆದು ಹೆಸರಾದವರು. ಎನ್. ಡಿ. ವಿ. ಪ್ರಸಾದರಾಯರ ಪರಿಷ್ಕರಣದೊಡನೆ ಇವರ ‘ಹೈಸ್ಕೂಲ್ ಇಂಗ್ಲಿಷ್ ಗ್ರಾಮರ್ ಅಂಡ್ ಕಾಂಪೊಸಿಷನ್’ ಇಂದಿಗೂ ಅಚ್ಚಾಗುತ್ತಿದೆ. ಹೆಸರಿನಲ್ಲಿ ಹೈಸ್ಕೂಲು ಇದ್ದರೂ ಕಾಲೇಜಿನಲ್ಲಿಯೂ ಕಡೆಗೆ ಅದೇ ಆಸರೆ. ಅದರ ಗುಣಗಳನ್ನು ಅಲ್ಲಗಳೆಯಲಾಗದು. ಲಕ್ಷಣಗಳು ಚಿಕ್ಕವು, ವಿಭಾಗಗಳು ಸ್ಪಷ್ಟ, ಅಭ್ಯಾಸಗಳು ಹೇರಳ. ಗುರುವಿಲ್ಲದೆ ಕಲಿಯಬೇಕಾದ ರಾತ್ರಿಶಾಲೆಯ ವಿದ್ಯಾರ್ಥಿಗೆ ಅಂತಹ ಪುಸ್ತಕ ದೊಡ್ಡ ಉಪಕಾರವನ್ನೇ ಮಾಡಿದೆ.

ಆದರೆ ಅದರ ಅಚ್ಚು ಲ್ಯಾಟಿನ್ನಿನದು. ರೂಪದಲ್ಲಿ ಭೇದವೇ ಇಲ್ಲದ ಇಂಗ್ಲಿಷ್ ನಾಮಪದಕ್ಕೆ ಪ್ರಥಮೆ, ದ್ವಿತೀಯೆ, ಚತುರ್ಥಿಗಳ ಹೆಸರನ್ನು ಹಚ್ಚುವ ಕ್ರಮವನ್ನು ಅದು ಉಳಿಸಿಕೊಂಡಿದೆ. ‘ಮರವನ್ನು’, ‘ಮರಕ್ಕೆ’, ‘ಮರದಲ್ಲಿ’ ಎಂದು ವಿಭಕ್ತಿಯನ್ನು ಕಣ್ಣಿನಿಂದ ಕಂಡು ಕಿವಿಯಿಂದ ಕೇಳಿದ ಕನ್ನಡಿಗನಿಗೆ ಪ್ರತ್ಯಯವಿಲ್ಲದ ಈ ವಿಭಕ್ತಿ ಒಗಟಾಗಿ ತೋರುವುದು ಸಹಜ. ಕ್ವರ್ಕ್ ಮತ್ತು ಸಂಗಡಿಗರು ೧೯೮೫ರಲ್ಲಿ ಪ್ರಕಟಿಸಿದ ಮಹಾವ್ಯಾಕರಣದಲ್ಲಿ ಇಂಗ್ಲಿಷ್ ನಾಮಪದಕ್ಕೆ ಸಾಮಾನ್ಯ, ಷಷ್ಠಿ ಎಂಬ ಎರಡೇ ವಿಭಕ್ತಿಗಳು. ಕ್ರಿಯಾಪದಕ್ಕೆ ವರ್ತಮಾನ, ಭೂತ ಎಂಬ ಎರಡೇ ಕಾಲಗಳು. ಭವಿಷ್ಯತ್ತಿಗೆ ಅಲ್ಲಿ ಪ್ರತ್ಯೇಕ ರೂಪವಿಲ್ಲ. ಈ ಮಾತು ಕನ್ನಡಿಗನಿಗೆ ಬೆರಗಿನದಾಗಬೇಕಿಲ್ಲ. ‘ದಿನವೂ ಬರುತ್ತೇನೆ’, ‘ನಾಳೆ ಬರುತ್ತೇನೆ’ ಎಂದು ಒಂದೇ ರೂಪದಿಂದ ಎರಡು ಕೆಲಸವನ್ನೂ ಅವನು ಮಾಡಿಸುತ್ತ ಬಂದಿದ್ದಾನೆ.

ಎರವಲು ಅಚ್ಚಿನ ಕಷ್ಟ ನಮಗೆ ಹೊಸದೇನಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತದ ಏಳು ವಿಭಕ್ತಿಗಳನ್ನು ಕನ್ನಡದಲ್ಲಿಯೂ ಕಂಡನು. ಭಟ್ಟಾಕಳಂಕನು ೧೬೦೪ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿಯೇ ರಚಿಸಿದನು. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂಬ ಗ್ರಂಥದಲ್ಲಿ ಎತ್ತಿದ ಆಕ್ಷೇಪ ಈ ಪರಂಪರೆಯನ್ನು ಕುರಿತದ್ದು. ಹೀಗೆ ನಮ್ಮ ವಿದ್ಯಾರ್ಥಿಯು ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನೂ ಲ್ಯಾಟಿನ್ನಿನ ಅಚ್ಚಿನಲ್ಲಿ ಇಂಗ್ಲಿಷನ್ನೂ ಕಲಿಯುತ್ತಾನೆ. ಕನ್ನಡವನ್ನೂ ಇಂಗ್ಲಿಷನ್ನೂ ಎದುರುಬದುರಾಗಿ ನಿಲ್ಲಿಸಿ ನೋಡುವ ಅವಕಾಶ ಮಾತ್ರ ಅವನಿಗೆ ದೊರೆಯುವುದಿಲ್ಲ.

ನಿಲ್ಲಿಸಿ ನೋಡಿದರೆ ಆಗುವ ಲಾಭವನ್ನು ನಾಲ್ಕು ನಿದರ್ಶನಗಳಿಂದ ತೋರಿಸಬಹುದು.

ಮೊದಲನೆಯದು, ‘ಎ’, ‘ದ’ ಎಂಬ ಉಪಪದಗಳು. ಕನ್ನಡದಲ್ಲಿ ಇವಿಲ್ಲ, ಆದುದರಿಂದ ಕನ್ನಡಿಗನಿಗೆ ಇವು ಒಲಿಯವು ಎಂಬುದು ಸಾಮಾನ್ಯವಾದ ಮಾತು. ಆದರೆ ‘ಪುಸ್ತಕ ತಂದೆ’ ಎನ್ನುವುದಕ್ಕೂ ‘ಪುಸ್ತಕವನ್ನು ತಂದೆ’ ಎನ್ನುವುದಕ್ಕೂ ಇರುವ ಅಂತರವನ್ನು ಗಮನಿಸಿರಿ. ಮೊದಲನೆಯದು ಯಾವುದೋ ಪುಸ್ತಕ. ಎರಡನೆಯದು ಬಹುಮಟ್ಟಿಗೆ ಕೇಳುವವನಿಗೂ ತಿಳಿದಿರುವ ಪುಸ್ತಕ. ‘ದ’ ಎಂಬುದರ ಕೆಲಸದಲ್ಲಿ ಒಂದು ಪಾಲನ್ನು ನಮ್ಮ ದ್ವಿತೀಯೆ ಮಾಡುತ್ತಿದೆ. ವಿದ್ಯಾರ್ಥಿಗೆ ಭಾವನೆ ತಿಳಿದಿದೆ. ಅದರ ನೆಲೆ ಬೇರೆಯಾಗಿದೆ, ಅಷ್ಟೆ.

ಎರಡನೆಯದು, ಪೂರ್ಣ ವರ್ತಮಾನ. ‘ನಿನ್ನೆ ಅವನನ್ನು ನೋಡಿದ್ದೇನೆ’ ಎಂಬುದು ನಿರ್ದುಷ್ಟವಾದ ಕನ್ನಡ. ಅದನ್ನೇ ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಎಂದರೆ ತಪ್ಪು. ಗತಕಾಲಸೂಚಕವಾದ ಅವ್ಯಯದೊಡನೆ ಈ ರೂಪ ಸಲ್ಲದೆಂದು ರೆನ್ ಮತ್ತು ಮಾರ್ಟಿನರ ಗ್ರಂಥ ನಿಯಮ ಹೇಳಿ ಮುಂದೆ ಹೋಗುತ್ತದೆ. ಕನ್ನಡದ ‘ನೋಡಿದ್ದೇನೆ’ ನೋಡಿದ ಸಂಗತಿಗೆ ಸಾಕ್ಷಿ ನುಡಿಯುತ್ತದೆ, ಇಂಗ್ಲಿಷಿನದು ಇಂದಿನವರೆಗೆ ಚಾಚಿದ ಕಾಲವನ್ನು ಹೇಳುತ್ತದೆ ಎಂದು ಒಂದು ವಾಕ್ಯ ಸೇರಿಸಿದ್ದರೆ ನಿಯಮವು ಬಾಯಿಪಾಠವಾಗದೆ ತಿಳಿವಳಿಕೆಯಾಗುತ್ತಿತ್ತು.

ಮೂರನೆಯದು, ಅನುವಾದಿತ ಮಾತು. ‘ನಾನು ಬರುತ್ತೇನೆಂದು ಅವನು ಹೇಳಿದನು’ ಎನ್ನುವಾಗ ನಮ್ಮ ‘ಎಂದು’ ಆಡಿದವನ ಮಾತನ್ನು ಪುರುಷವನ್ನಾಗಲಿ ಕಾಲವನ್ನಾಗಲಿ ಕದಲಿಸದೆ ಹಾಗೆಯೇ ಒಪ್ಪಿಸುತ್ತದೆ. ಇಂಗ್ಲಿಷಿನ ‘ದಟ್’ ಎರಡನ್ನೂ ವರದಿಗಾರನ ನೆಲೆಗೆ ತಿರುಗಿಸುತ್ತದೆ. ಕನ್ನಡದ ರೀತಿಯಲ್ಲಿ ‘ಹಿ ಸೆಡ್ ದಟ್ ಐ ವಿಲ್ ಕಮ್’ ಎಂದು ಬರೆದರೆ ಬರುವವನೇ ಬದಲಾಗುತ್ತಾನೆ. ಹೇಳಿಕೆ ಬರೆದುಕೊಳ್ಳುವ ಕಚೇರಿಯಲ್ಲಿ ಇದು ಅಲ್ಪವಾದ ವ್ಯತ್ಯಾಸವಲ್ಲ.

ನಾಲ್ಕನೆಯದು ನನ್ನ ವೃತ್ತಿಗೆ ಹತ್ತಿರವಾದುದು. ‘ಪುಣೆಯಲ್ಲಿರುವ ನನ್ನ ಅಣ್ಣ’ ಎಂದರೆ ಅಣ್ಣಂದಿರು ಹಲವರಿದ್ದು ಅವರಲ್ಲಿ ಪುಣೆಯವನೋ, ಇರುವ ಒಬ್ಬನೇ ಅಣ್ಣ ಪುಣೆಯಲ್ಲಿರುವನೋ? ಕನ್ನಡದ ಕೃದಂತವು ಎರಡಕ್ಕೂ ಎಡೆಗೊಡುತ್ತದೆ, ಸಂದರ್ಭವೇ ನಿರ್ಣಾಯಕ. ಇಂಗ್ಲಿಷು ಈ ಭೇದವನ್ನು ಬರವಣಿಗೆಯಲ್ಲಿ ಒಂದು ಅಲ್ಪವಿರಾಮಕ್ಕೆ ವಹಿಸಿದೆ. ‘ದ ಬಾರೋವರ್ಸ್ ಹೂ ಹ್ಯಾವ್ ಡಿಫಾಲ್ಟೆಡ್’ ಎಂದು ಬಿಡದೆ ಬರೆದರೆ ಕಂತು ತಪ್ಪಿಸಿದ ಸಾಲಗಾರರು ಮಾತ್ರ. ‘ಬಾರೋವರ್ಸ್’ ಆದ ಮೇಲೆ ಅಲ್ಪವಿರಾಮವಿಟ್ಟರೆ ಪ್ರಸ್ತುತ ಸಾಲಗಾರರೆಲ್ಲರೂ ಕಂತು ತಪ್ಪಿಸಿದವರೆಂದೇ ಅರ್ಥ. ನೋಟೀಸು ಯಾರ ಮನೆಗೆ ಹೋಗಬೇಕೆಂಬುದು ಆ ಒಂದು ಚಿಹ್ನೆಯ ಮೇಲೆ ನಿಂತಿರುತ್ತದೆ. ನಿಯಮವನ್ನು ರೆನ್ ಮತ್ತು ಮಾರ್ಟಿನ್ ಹೇಳಿದ್ದಾರೆ. ಆದರೆ ಕನ್ನಡಿಗನು ಇಲ್ಲಿಯೇ ಏಕೆ ಎಡವುತ್ತಾನೆಂಬುದನ್ನು ಅವರು ಹೇಳಲಾರರು, ಹೇಳಬೇಕಾದವರು ನಾವು.

ಇಲ್ಲಿ ಒಂದು ಐತಿಹಾಸಿಕ ವೈಚಿತ್ರ್ಯವನ್ನು ನೆನೆಯಬೇಕು. ಪಾಶ್ಚಾತ್ಯರು ಕನ್ನಡ ಕಲಿಯಹೊರಟಾಗ ಹೀಗೆ ಕಷ್ಟಪಡಲಿಲ್ಲ. ವಿಲಿಯಂ ಕೇರಿ ೧೮೧೭ರಲ್ಲಿ, ಹಾಡ್ಸನ್ ಆ ಶತಮಾನದ ನಡುವೆ, ಕಿಟ್ಟೆಲ್ ೧೯೦೩ರಲ್ಲಿ ಬರೆದ ಕನ್ನಡ ವ್ಯಾಕರಣಗಳು ಇಂಗ್ಲಿಷಿನಲ್ಲಿವೆ, ಇಂಗ್ಲಿಷ್ ಬಲ್ಲವನಿಗಾಗಿಯೇ ಇವೆ. ‘ಬಂದ’, ‘ಮಾಡಿದ’ ಎಂಬ ನಮ್ಮ ರೂಪಗಳಿಗೆ ಕಿಟ್ಟೆಲರು ಬಳಸುವ ‘ರೆಲಟಿವ್ ಪಾರ್ಟಿಸಿಪಲ್’ ಎಂಬ ಹೆಸರೇ ತೌಲನಿಕವಾದುದು: ನಿನ್ನ ಭಾಷೆಯಲ್ಲಿ ಸಂಬಂಧವಾಚಕ ಸರ್ವನಾಮ ಮಾಡುವ ಕೆಲಸವನ್ನು ಇಲ್ಲಿ ಕೃದಂತ ಮಾಡುತ್ತದೆಂದು ಅದು ಓದುಗನಿಗೆ ಸೂಚಿಸುತ್ತದೆ. ತಮ್ಮ ಭಾಷೆಯನ್ನು ಬಾಗಿಲಲ್ಲಿ ಬಿಟ್ಟು ಬರಬೇಕೆಂದು ಅವರು ತಮ್ಮವರಿಗೆ ಹೇಳಲಿಲ್ಲ. ನಮ್ಮ ಮಕ್ಕಳಿಗೆ ನಾವು ಹೇಳುತ್ತಿರುವುದು ಅದನ್ನೇ.

ಇದಕ್ಕೆ ಒಂದು ಗಂಭೀರವಾದ ಆಕ್ಷೇಪವುಂಟು. ಎನ್. ಎಸ್. ಪ್ರಭು ಅವರು ೧೯೭೯ರಿಂದ ೧೯೮೪ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ‘ಬೆಂಗಳೂರು ಯೋಜನೆ’ಯೆಂದು ಹೆಸರಾದ ಪ್ರಯೋಗವು ವ್ಯಾಕರಣವನ್ನು ನಿಯಮಗಳಿಂದ ಕಲಿಸಬೇಕಾಗಿಲ್ಲ, ಗಮನ ಅರ್ಥದ ಮೇಲಿದ್ದಾಗ ರೂಪಗಳು ತಾವಾಗಿ ಮೈಗೂಡುತ್ತವೆ ಎಂಬ ತತ್ತ್ವದ ಮೇಲೆ ನಿಂತಿತ್ತು. ಶಾಲಾ ಬಾಲಕರ ಮಟ್ಟಿಗೆ ಈ ಮಾತಿನಲ್ಲಿ ಬಹಳ ತಥ್ಯವಿದೆ. ತುಳುವಿನವರು ಮುಂಬಯಿಯ ಮರಾಠಿಯನ್ನು ಯಾವ ವ್ಯಾಕರಣವನ್ನೂ ಓದದೆ ಕಲಿತಿಲ್ಲವೇ? ಆದರೆ ಪ್ರೌಢ ವ್ಯಾಕರಣದ ಪ್ರಯೋಜನ ಬೇರೆ. ಕರಾರುಪತ್ರವನ್ನು ಓದಿ ಒಪ್ಪುವ, ಒಪ್ಪದಿರುವ ವಿವೇಕ ಅದರ ಫಲ. ಆ ವಿವೇಕ ಕೇಳಿಕೆಯಿಂದ ಮಾತ್ರ ಬರುವುದಿಲ್ಲ. ಹೋಲಿಸಿ ನೋಡುವ ಬುದ್ಧಿಯಿಂದ ಬರುತ್ತದೆ.

ಹೋಲಿಸಲು ಎರಡು ವಸ್ತುಗಳು ಬೇಕು. ನಮ್ಮ ನಿಜವಾದ ಅಪಾಯ ಇಲ್ಲಿದೆ. ಇಂಗ್ಲಿಷು ಚೆನ್ನಾಗಿ ಬರಲೆಂಬ ಆಸೆಯಿಂದ ಕನ್ನಡದ ಓದನ್ನು ಮೊದಲೇ ಕಿತ್ತುಹಾಕಿದ ಮನೆಗಳಲ್ಲಿ ಮಕ್ಕಳಿಗೆ ಕನ್ನಡ ಕಿವಿಮಾತಾಗಿ ಮಾತ್ರ ಉಳಿದಿದೆ. ‘ಪುಸ್ತಕ’ಕ್ಕೂ ‘ಪುಸ್ತಕವನ್ನು’ ಎಂಬುದಕ್ಕೂ ಇರುವ ಅಂತರ ಅವರ ನಾಲಗೆಗೆ ಗೊತ್ತು, ಬುದ್ಧಿಗೆ ಗೊತ್ತಿಲ್ಲ. ಕನ್ನಡವನ್ನು ಬಿಟ್ಟು ಇಂಗ್ಲಿಷನ್ನು ಗಳಿಸಿದೆವೆಂದು ಲೆಕ್ಕ ಹಾಕುವವರು ಆಸ್ತಿಯ ಕಲಮಿಗೆ ಸೇರಬೇಕಾದುದನ್ನು ಖರ್ಚಿನ ಕಲಮಿಗೆ ಬರೆಯುತ್ತಿದ್ದಾರೆ.

ಮುಂಬಯಿಯ ಕನ್ನಡ ಸಂಘಗಳು ಮಾಡಬಹುದಾದ ಒಂದು ಕೆಲಸ ಇದರಿಂದ ಸಿದ್ಧವಾಗುತ್ತದೆ. ಕಾಲೇಜು ವಿದ್ಯಾರ್ಥಿಗಳಿಗಾಗಿ, ಕನ್ನಡದಲ್ಲಿ ಬರೆದ, ಕನ್ನಡ ವಾಕ್ಯವನ್ನು ಎದುರಿಗಿಟ್ಟುಕೊಂಡು ಇಂಗ್ಲಿಷ್ ವಾಕ್ಯವನ್ನು ವಿವರಿಸುವ ಸಣ್ಣ ವ್ಯಾಕರಣವೊಂದು ಬೇಕು. ಅದಕ್ಕೆ ರೆನ್ ಮತ್ತು ಮಾರ್ಟಿನರ ಅಭ್ಯಾಸಗಳ ಶಿಸ್ತು ಇರಲಿ, ಕಿಟ್ಟೆಲರ ತುಲನಾದೃಷ್ಟಿ ಇರಲಿ. ಅಧ್ಯಾಪಕರೂ ಕಚೇರಿಗಳಲ್ಲಿ ಇಂಗ್ಲಿಷಿನೊಡನೆ ದಿನವೂ ಸೆಣಸುವವರೂ ಕೂಡಿ ಬರೆದರೆ ಅದು ಅಸಾಧ್ಯವೇನಲ್ಲ. ಕಿಟ್ಟೆಲರು ತಮ್ಮ ವ್ಯಾಕರಣವನ್ನು ಮುಗಿಸಿ ನೂರ ಇಪ್ಪತ್ತು ವರ್ಷಗಳ ಮೇಲಾಯಿತು. ಅದಕ್ಕೆ ಸಲ್ಲಬೇಕಾದ ಪ್ರತ್ಯುತ್ತರ ಇನ್ನೂ ನಮ್ಮಿಂದ ಹೋಗಿಲ್ಲ.