ಜೂರಿಯ ಮೇಲಣ ಅಪವಾದ

ನಮ್ಮ ದೇಶದಲ್ಲಿ ಜೂರಿಪದ್ಧತಿ ಅಳಿದುದಕ್ಕೆ ನಾನಾವತಿಯ ಮೊಕದ್ದಮೆಯೇ ಕಾರಣವೆಂಬ ಮಾತು ಎಷ್ಟು ರೂಢವಾಗಿದೆಯೆಂದರೆ, ಅದನ್ನು ಪರೀಕ್ಷಿಸುವ ಗೋಜಿಗೆ ಬಲ್ಲವರೂ ಹೋಗುವುದಿಲ್ಲ. 1959ರ ಏಪ್ರಿಲಿನಲ್ಲಿ ನೌಕಾದಳದ ಅಧಿಕಾರಿಯಾದ ನಾನಾವತಿ ತನ್ನ ಪತ್ನಿಯ ಪ್ರಣಯಿಯನ್ನು ಗುಂಡಿಕ್ಕಿ ಕೊಂದನು; ಮುಂಬಯಿಯ ಸೆಷನ್ಸ್ ನ್ಯಾಯಾಲಯದ ಒಂಬತ್ತು ಮಂದಿ ಜೂರಿಗಳಲ್ಲಿ ಎಂಟು ಮಂದಿ ಅವನನ್ನು ನಿರ್ದೋಷಿಯೆಂದರು; ಆ ಅಭಿಪ್ರಾಯ ವಿವೇಕಿಗಳು ಒಪ್ಪತಕ್ಕದ್ದಲ್ಲವೆಂದು ನ್ಯಾಯಾಧೀಶರು ಮೊಕದ್ದಮೆಯನ್ನು ಹೈಕೋರ್ಟಿಗೆ ಒಪ್ಪಿಸಿದರು; ಹೈಕೋರ್ಟು ವಿಧಿಸಿದ ಜೀವಾವಧಿ ಶಿಕ್ಷೆಯನ್ನು 1961ರಲ್ಲಿ ಸುಪ್ರೀಂ ಕೋರ್ಟು ಸ್ಥಿರಪಡಿಸಿತು. ಕಥೆ ರಂಜಕವಾದುದು, ಅದರಿಂದ ಜನ ಎಳೆದ ನಿರ್ಣಯ ಮಾತ್ರ ಕಾಲಕ್ರಮಕ್ಕೇ ವಿರುದ್ಧ. ಜೂರಿಯನ್ನು ರದ್ದುಪಡಿಸಬೇಕೆಂದು ಕಾನೂನು ಆಯೋಗವು ತನ್ನ ಹದಿನಾಲ್ಕನೆಯ ವರದಿಯಲ್ಲಿ ಸಲಹೆಯಿತ್ತುದು 1958ರಲ್ಲಿ, ಆ ಗುಂಡು ಹಾರುವುದಕ್ಕೆ ಮುನ್ನ.

ಅದೂ ಇರಲಿ. ನಡೆದ ಸಂಗತಿ ಯಾವುದೆಂದು ನಿರ್ಣಯಿಸುವುದು ಜೂರಿಗಳ ಕೆಲಸ. ಆ ಸಂಗತಿಗೆ ಅನ್ವಯಿಸುವ ಕಾನೂನನ್ನು ತಿಳಿಯಹೇಳುವುದು ನ್ಯಾಯಾಧೀಶರ ಕೆಲಸ. ಪಿಸ್ತೂಲು ಆಕಸ್ಮಿಕವಾಗಿ ಹಾರಿತೆಂದು ವಾದಿಸುವ ಆಪಾದಿತನೇ ಅದನ್ನು ರುಜುವಾತುಪಡಿಸಬೇಕೆಂಬ ನಿಯಮವನ್ನು ಈ ಒಂಬತ್ತು ಮಂದಿಗೆ ಸರಿಯಾಗಿ ಬೋಧಿಸಲಿಲ್ಲವೆಂದು ಹೈಕೋರ್ಟೇ ಕಂಡುಕೊಂಡಿತು. ಬೋಧೆಯ ದೋಷವನ್ನು ಶ್ರೋತೃಗಳ ತಲೆಗೆ ಕಟ್ಟುವುದು ಯಾವ ನ್ಯಾಯ?

ನಮ್ಮ ಜೂರಿಯ ನಿಜವಾದ ವ್ಯಾಧಿಯನ್ನು ಕಾಣಬೇಕಾದರೆ ಅದೇ ಮುಂಬಯಿಯಲ್ಲಿ ಅರ್ಧಶತಮಾನ ಹಿಂದಕ್ಕೆ ಹೋಗಬೇಕು. ಕರೆಬಂದವರ ಹೆಸರುಗಳಿಂದ ಚೀಟಿಯೆತ್ತಿ ಜೂರಿಗಳನ್ನು ಆರಿಸತಕ್ಕದ್ದೆಂದು ಅಂದಿನ ದಂಡ ಪ್ರಕ್ರಿಯಾ ಸಂಹಿತೆ ವಿಧಿಸಿದ್ದಿತು. ಕೇಳುವುದಕ್ಕೆ ಎಷ್ಟು ನಿಷ್ಪಕ್ಷಪಾತವಾದ ವಿಧಾನ! ಆದರೆ ವಿಶೇಷ ಜೂರಿಗಳ ಪಟ್ಟಿಯನ್ನು ಆಸ್ತಿ, ಶೀಲ, ವಿದ್ಯೆಗಳನ್ನು ನೋಡಿ ಸರ್ಕಾರಿ ಅಧಿಕಾರಿಯೇ ಸಿದ್ಧಪಡಿಸುತ್ತಿದ್ದನಾದ್ದರಿಂದ, ಚೀಟಿಯ ನಿಷ್ಪಕ್ಷಪಾತ ಪಟ್ಟಿಯ ಪಕ್ಷಪಾತವನ್ನು ಮುಚ್ಚುವ ಹೊದಿಕೆ ಮಾತ್ರವಾಯಿತು. 1897ರಲ್ಲಿ ತಿಲಕರ ಮೇಲಣ ರಾಜದ್ರೋಹದ ಆಪಾದನೆಯನ್ನು ಕೇಳಿದ ಒಂಬತ್ತು ಮಂದಿಯಲ್ಲಿ ಆರು ಮಂದಿ ಐರೋಪ್ಯರು ಅಪರಾಧಿಯೆಂದರು, ಮೂವರು ಭಾರತೀಯರು ಅಲ್ಲವೆಂದರು. 1908ರಲ್ಲಿ ಅವರ ಮೇಲೆಯೇ ಮತ್ತೆ ಬಂದ ಅದೇ ಆಪಾದನೆಯನ್ನು ಕೇಳಿದವರು ಏಳು ಮಂದಿ ಐರೋಪ್ಯರು, ಇಬ್ಬರು ಪಾರ್ಸಿಗಳು. ಅಭಿಪ್ರಾಯವೂ ಏಳಕ್ಕೆ ಎರಡು. ಆಪಾದನೆಗೆ ಗುರಿಯಾದ ತಿಲಕರ ಲೇಖನಗಳು ಮರಾಠಿಯವು, ಅವುಗಳ ಧ್ವನಿಯಲ್ಲಿ ದ್ರೋಹವಿದೆಯೆ ಎಂದು ನಿರ್ಧರಿಸತಕ್ಕವರಲ್ಲಿ ಬಹುಮಂದಿಗೆ ಭಾಷಾಂತರವೇ ಆಧಾರ.

ಈ ಪದ್ಧತಿ ನಮಗೆ ಬಂದ ಇಂಗ್ಲೆಂಡಿನಲ್ಲಿ 1670ರಷ್ಟು ಹಿಂದೆಯೇ, ವಿಲಿಯಂ ಪೆನ್ ಎಂಬ ಆಪಾದಿತನನ್ನು ಅಪರಾಧಿಯೆನ್ನಲು ಒಪ್ಪದೆ ಸೆರೆಮನೆ ಸೇರಿದ ಬುಶೆಲ್ ಎಂಬ ಜೂರಿಯ ಪ್ರಕರಣದಲ್ಲಿ, ಕೊಟ್ಟ ತೀರ್ಪಿಗಾಗಿ ಜೂರಿಯನ್ನು ದಂಡಿಸಕೂಡದೆಂದು ಸ್ಥಿರವಾಯಿತು. ಇಲ್ಲಿಗೆ ಬಂದುದು ಆ ಪದ್ಧತಿಯ ವೇಷ ಮಾತ್ರ. ನ್ಯಾಯಾಧೀಶರಿಗೆ ಒಪ್ಪಿಗೆಯಾಗದಿದ್ದರೆ ಹೈಕೋರ್ಟಿಗೆ ಹೋಗುವ ತೀರ್ಪು ತೀರ್ಪಲ್ಲ, ಸಲಹೆ. ಕಾರಣ ಹೇಳದೆ ಕೊಟ್ಟ ಸಲಹೆಗೆ ಬೆಲೆ ಬರುವುದಾದರೂ ಹೇಗೆ? ಪಟ್ಟಿಯನ್ನು ವಿಸ್ತರಿಸಿ, ಬೋಧೆಯನ್ನು ತಿದ್ದಿ ನೋಡುವ ಶ್ರಮಕ್ಕಿಂತ ಕಿತ್ತುಹಾಕುವುದೇ ಸುಲಭವಾಗಿ ತೋರಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜೂರಿಗೆ ಸ್ಥಾನ ದೊರೆಯಲಿಲ್ಲ. ಪಾರ್ಸಿಗಳ ವಿವಾಹ ವ್ಯಾಜ್ಯಗಳಲ್ಲಿ ಮಾತ್ರ, 1936ರ ಕಾಯಿದೆಯ ಬಲದಿಂದ, ಆ ಸಮಾಜದವರೇ ಆದ ಪ್ರತಿನಿಧಿಗಳು ಇಂದಿಗೂ ನ್ಯಾಯಾಧೀಶರ ಜೊತೆಗೆ ಕುಳಿತುಕೊಳ್ಳುತ್ತಾರೆ.